ಫೋಟೊದಲ್ಲಿದ್ದ ಹಡಗು ಬರಲೇ ಇಲ್ಲ: ಕೋಮೊಡೊ ಕಡೆ ಹೊರಟಿರುವವರು ಓದಿ

ಮದುವೆಯಾಗಿ ಹತ್ತು ವರ್ಷವಾಯಿತೆಂದು ನಾವಿಬ್ಬರೂ ಇಂಡೋನೇಷ್ಯಾದ ಕೋಮೊಡೊ ದ್ವೀಪಗಳ ಸುತ್ತ ನಾಲ್ಕು ದಿನ, ಮೂರು ರಾತ್ರಿಯ ಹಡಗು ಪ್ರಯಾಣ ಬುಕ್ ಮಾಡಿದ್ದೆವು. ಐದೇ ಕ್ಯಾಬಿನ್ ಇರುವ ಮರದ ಹಡಗು. ಫೋಟೊದಲ್ಲಿ ಮೇಲಿನ ಡೆಕ್‌ನಲ್ಲಿ ಕೋಣೆ, ಗೋಡೆಯಗಲದ ಕಿಟಕಿ, ಕಿಟಕಿ ಪಕ್ಕ ಬಾತ್‌ಟಬ್. ಆ ಬಾತ್‌ಟಬ್ ನೋಡಿಯೇ ನಾನು ಪೂರ್ತಿ ದುಡ್ಡು ಕಟ್ಟಿದೆ. ತಪ್ಪು ನನ್ನದೂ ಇದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಫ್ಲೋರೆಸ್ ದ್ವೀಪದ ಪಶ್ಚಿಮ ತುದಿಯಲ್ಲಿ ಲಬುವಾನ್ ಬಾಜೊ ಎಂಬ ಊರಿದೆ. ಹೆಚ್ಚಿನ ಹಡಗುಗಳು ಹೊರಡುವುದು ಅಲ್ಲಿಂದಲೇ. ಬಂದರಿಗೆ ಹೋದರೆ ಬೇರೆಯೇ ಹಡಗು ನಿಂತಿತ್ತು. ಏಜೆಂಟ್‌ಗೆ ಫೋನ್ ಮಾಡಿದೆವು. ನಿಮ್ಮ ಹಡಗು ರಿಪೇರಿಗೆ ಹೋಗಿದೆ, ಇದೂ ಅದೇ ದರ್ಜೆಯದ್ದು ಮೇಡಂ, ಷರತ್ತಿನಲ್ಲಿ ಬರೆದಿದ್ದೇವಲ್ಲ ಅಂದ. ತೆಗೆದು ನೋಡಿದೆ. ನಿಜ, ಬರೆದಿತ್ತು. ಹಡಗಿನ ಹೆಸರಿನ ಮುಂದೆ ಸಣ್ಣ ಅಕ್ಷರದಲ್ಲಿ 'ಅಥವಾ ಅದಕ್ಕೆ ಸಮನಾದ ಹಡಗು'. ಯಾವುದರಲ್ಲಿ ಸಮ ಅಂತ ಮಾತ್ರ ಎಲ್ಲೂ ಇರಲಿಲ್ಲ.

ಈ ಮರದ ಹಡಗುಗಳಿಗೆ ಪಿನಿಸಿ ಎನ್ನುತ್ತಾರೆ. ದಕ್ಷಿಣ ಸುಲಾವೆಸಿಯ ಬಡಗಿಗಳು ಇವನ್ನು ಕಟ್ಟುವ ಕಲೆ 2017ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ನಮ್ಮ ಏಜೆಂಟ್ ಅದನ್ನೇ ದೊಡ್ಡದಾಗಿ ಹಾಕಿಕೊಂಡಿದ್ದ. ಪಟ್ಟಿಗೆ ಸೇರಿದ್ದು ಕಟ್ಟುವ ಕಲೆ ಕಣ್ರೀ. ನಾವು ಹತ್ತಿದ ಹಡಗಿನ ಇಂಜಿನ್‌ಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ನಾವು ಹೋಗಿದ್ದು ಜನವರಿಯಲ್ಲಿ. ರಿಯಾಯಿತಿ ಕೊಟ್ಟಿದ್ದರು, ಯಾಕೆ ಕೊಟ್ಟರು ಅಂತ ಯೋಚಿಸಲಿಲ್ಲ. ಅಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಳೆಗಾಲ, ಗಾಳಿ ಅಲೆ ಎರಡೂ ಜಾಸ್ತಿ. ಬಂದರು ಅಧಿಕಾರಿ ಒಪ್ಪದೆ ಯಾವ ಹಡಗೂ ಹೊರಡುವ ಹಾಗಿಲ್ಲ. ಅವರನ್ನು ಅಲ್ಲಿ ಶಾಬಂದರ್ ಎನ್ನುತ್ತಾರೆ. ನಮ್ಮ 'ಬಂದರು' ಅಲ್ಲೂ ಇದೆಯಲ್ಲ ಎಂದು ನಮ್ಮ ಯಜಮಾನರಿಗೆ ಖುಷಿಯೋ ಖುಷಿ. ಆ ಶಾಬಂದರ್ ಮೊದಲ ದಿನ ಹಡಗು ಬಿಡಲು ಒಪ್ಪಲಿಲ್ಲ. ಅದು ಸರಿಯೇ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಂದು ರಾತ್ರಿ ಪೂರ್ತಿ ಕಟ್ಟೆಗೆ ಕಟ್ಟಿದ ಹಡಗಿನಲ್ಲೇ ಮಲಗಿಸಿ, ಅದನ್ನೂ ಪ್ರಯಾಣದ ರಾತ್ರಿ ಎಂದು ಲೆಕ್ಕ ಹಿಡಿದರು. ಹವಾಮಾನಕ್ಕೆ ದುಡ್ಡು ವಾಪಸ್ ಇಲ್ಲವಂತೆ. ಅದೂ ಷರತ್ತಿನಲ್ಲಿತ್ತು. 'ಎಲ್ಲಾ ಸೇರಿ' ಅಂದಿದ್ದ ಪ್ಯಾಕೇಜಿನಲ್ಲಿ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ ಸೇರಿರಲಿಲ್ಲ, ಅದನ್ನು ಅಲ್ಲಿನ ರುಪಿಯಾದಲ್ಲಿ, ಕೈಯಲ್ಲೇ ಎಣಿಸಿ ಕೊಡಬೇಕಾಯಿತು. ಅದು ಸಣ್ಣ ವಿಷಯ, ಬಿಡಿ.

ನಮಗೆ ಸಿಕ್ಕ ಕ್ಯಾಬಿನ್ ಕೆಳಗಿನ ಅಂತಸ್ತಿನದು, ಇಂಜಿನ್ ಕೋಣೆಯ ಪಕ್ಕ. ಕಿಟಕಿ ಅಂದರೆ ಊಟದ ತಟ್ಟೆಯಷ್ಟು ಗಾಜು, ಅದೂ ತೆರೆಯುವುದಿಲ್ಲ. ಡೀಸೆಲ್ ವಾಸನೆ ದಿಂಬಿಗೂ ಹತ್ತಿತ್ತು. ಜನರೇಟರ್ ಓಡಿದರೆ ಮಂಚ ನಡುಗುತ್ತದೆ, ನಿಲ್ಲಿಸಿದರೆ ಎಸಿ ನಿಲ್ಲುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂತ ಹುಡುಗನೊಬ್ಬ ಬಂದು ವಿನಯದಿಂದಲೇ ಕೇಳಿದ. ಪಾಪ, ಅವನದೇನು ತಪ್ಪು. ಇಡೀ ಹಡಗಿನಲ್ಲಿ ನಮ್ಮ ಬಗ್ಗೆ ಕಾಳಜಿ ಇದ್ದದ್ದು ಅವನೊಬ್ಬನಿಗೇ.

ನನಗೆ ನಿಜವಾಗಿ ಭಯವಾಗಿದ್ದು ಬೇರೆ ವಿಷಯಕ್ಕೆ. ಕೆಳಗಿನ ನಾಲ್ಕು ಕ್ಯಾಬಿನ್‌ಗಳಿಗೂ ಸೇರಿ ಮೇಲೆ ಬರಲು ಇದ್ದದ್ದು ಒಂದೇ ಮೆಟ್ಟಿಲು. ಆ ಮೆಟ್ಟಿಲ ಪಕ್ಕವೇ ಒಂದು ಪ್ಲಗ್ ಬೋರ್ಡ್. ಅದಕ್ಕೆ ಎಲ್ಲರ ಫೋನು, ಕ್ಯಾಮೆರಾ ಬ್ಯಾಟರಿ, ಡ್ರೋನ್ ಬ್ಯಾಟರಿ ರಾತ್ರಿಯಿಡೀ ಚಾರ್ಜ್‌ಗೆ ಸಿಕ್ಕಿಸಿರುತ್ತಿದ್ದವು. 2019ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ತೀರದಲ್ಲಿ ಡೈವಿಂಗ್ ಹಡಗೊಂದಕ್ಕೆ ನಸುಕಿನಲ್ಲಿ ಬೆಂಕಿ ಬಿದ್ದು, ಕೆಳಗೆ ಮಲಗಿದ್ದ 34 ಜನ ಸತ್ತರು. ರಾತ್ರಿ ಎಚ್ಚರವಿದ್ದು ಸುತ್ತು ಹಾಕುವವರು ಯಾರೂ ಇರಲಿಲ್ಲ ಎಂದು ತನಿಖೆಯಲ್ಲಿ ಗೊತ್ತಾಯಿತು. ಇವರಿಗೆ ಆ ಸುದ್ದಿ ನೆನಪಿತ್ತು. ಎರಡನೇ ರಾತ್ರಿ ಎರಡು ಗಂಟೆಗೆ ಎದ್ದು ಮೇಲೆ ಹೋಗಿ ನೋಡಿಕೊಂಡು ಬಂದರು. ಕ್ಯಾಪ್ಟನ್‌ನಿಂದ ಹಿಡಿದು ಅಡುಗೆಯವನವರೆಗೆ ಎಲ್ಲರೂ ಗಾಢ ನಿದ್ದೆ. ಅಲ್ಲಿಂದ ನಾವು ಹೊದಿಕೆ ಎತ್ತಿಕೊಂಡು ಡೆಕ್‌ಗೆ ಹೋದೆವು. ಆಮೇಲೆ ಕೆಳಗೆ ಮಲಗಲೇ ಇಲ್ಲ. ಲಕ್ಷುರಿ ಹಡಗಿನ ಡೆಕ್ಕಿನಲ್ಲಿ, ಮಳೆ ಹನಿ ಬೀಳುವಾಗ, ಟಾರ್ಪಾಲಿನ ಕೆಳಗೆ ಇಬ್ಬರೂ ಮುದುಡಿಕೊಂಡು ಹತ್ತನೇ ವಾರ್ಷಿಕೋತ್ಸವ ಆಚರಿಸಿದೆವು.

ಪದಾರ್ ದ್ವೀಪದ ಗುಡ್ಡ ಮಾತ್ರ ಸುಳ್ಳು ಹೇಳಲಿಲ್ಲ. ಮಳೆಗಾಲವಾದ್ದರಿಂದ ಹಸಿರೋ ಹಸಿರು. ಮೇಲಿನಿಂದ ನೋಡಿದರೆ ದ್ವೀಪದ ಸೊಂಟ ಹಿಡಿದಂತೆ ಎರಡೂ ಕಡೆ ಸಮುದ್ರ ಒಳಗೆ ಬಂದಿದೆ. ಅರ್ಧ ಗಂಟೆ ಎಲ್ಲ ಮರೆತಿದ್ದೆ.

ಮರೆತದ್ದು ಅರ್ಧ ಗಂಟೆಯಷ್ಟೇ. ಅಂದು ಮಧ್ಯಾಹ್ನ ಎರಡು ದ್ವೀಪಗಳ ನಡುವೆ ಇಂಜಿನ್ ನಿಂತಿತು. ಆ ಜಾಗ ಎಂಥದ್ದು ಅಂತ ಗೊತ್ತಿರಬೇಕು. ಪೆಸಿಫಿಕ್ ಕಡೆಯಿಂದ ಹಿಂದೂ ಮಹಾಸಾಗರಕ್ಕೆ ಹರಿಯುವ ನೀರಿಗೆ ಇಂಥ ದ್ವೀಪಗಳ ಸಂದಿಗಳೇ ದಾರಿ. ಅದರ ಮೇಲೆ ಉಬ್ಬರ ಇಳಿತ ಬೇರೆ. ನೀರು ಹೊಳೆಯ ಹಾಗೆ ಓಡುತ್ತದೆ, ಅಲ್ಲಲ್ಲಿ ಸುಳಿ. ಇಂಜಿನ್ ಇಲ್ಲದ ಹಡಗು ಅಡ್ಡ ತಿರುಗಿ ವಾಲತೊಡಗಿತು. ನಮ್ಮ ಹಡಗಿಗೆ ಮೇಲೆ ಮೇಲೆ ಅಂತಸ್ತು ಏರಿಸಿದ್ದರು. ತಲೆ ಭಾರವಾದರೆ ಯಾವ ಹಡಗೂ ಜಾಸ್ತಿಯೇ ವಾಲುತ್ತದೆ, ಅದಕ್ಕೆ ಇಂಜಿನಿಯರ್ ಬೇಕಿಲ್ಲ.

ಲೈಫ್ ಜಾಕೆಟ್ ಎಲ್ಲಿ ಅಂತ ಕೇಳಿದರೆ ಕ್ಯಾಪ್ಟನ್ ಮುಂಭಾಗದ ಪೆಟ್ಟಿಗೆ ತೋರಿಸಿದ. ಅದರ ಮೇಲೆ ಬಿಸಿಲು ಕಾಯುವವರ ಹಾಸಿಗೆಗಳು, ಹಗ್ಗ, ಒಂದು ಬೀಗ. ಬೀಗದ ಕೈ ಹುಡುಕಲು ಎಷ್ಟು ಹೊತ್ತಾಯಿತು ಅಂತ ಗಡಿಯಾರ ನೋಡಲಿಲ್ಲ, ನಾನು ಇವರ ಕೈ ಹಿಡಿದುಕೊಂಡಿದ್ದೆ. ಹತ್ತಿದ ದಿನ ಲೈಫ್ ಜಾಕೆಟ್ ಹಾಕಿಸಿ ತೋರಿಸುವ ಶಾಸ್ತ್ರವೂ ಆಗಿರಲಿಲ್ಲ. ಕೊನೆಗೆ ಡೈವಿಂಗ್‌ಗೆ ಹೊರಟಿದ್ದ ಇನ್ನೊಂದು ಹಡಗು ನಮ್ಮನ್ನು ಕಂಡು ಹಗ್ಗ ಎಸೆದು ಎಳೆದುಕೊಂಡು ಹೋಯಿತು.

ವಾಪಸ್ ಬಂದ ಮೇಲೆ ಇನ್ಶೂರೆನ್ಸ್‌ಗೆ ಅರ್ಜಿ ಹಾಕಿದೆವು. ತಿರಸ್ಕಾರವಾಯಿತು. ರಸೀದಿಯಲ್ಲಿ ಒಂದು ಹಡಗಿನ ಹೆಸರು, ನಾವು ಹೋಗಿದ್ದು ಇನ್ನೊಂದರಲ್ಲಿ. ಹೋಗಿದ್ದೇ ಅದರಲ್ಲಿ ಎನ್ನುವುದಕ್ಕೆ ಪ್ರಯಾಣಿಕರ ಪಟ್ಟಿ ಕೊಡಿ ಅಂದರು. ಏಜೆಂಟ್ ಇವತ್ತಿಗೂ ಕಳಿಸಿಲ್ಲ.

ಹಾಗಾಗಿ ನೀವು ಹೊರಡುವುದಾದರೆ, 'ಸಮನಾದ ಹಡಗು' ಅನ್ನುವ ಸಾಲನ್ನು ಹೊಡೆದುಹಾಕಿಸದೆ ಪೂರ್ತಿ ಹಣ ಕಟ್ಟಬೇಡಿ. ಒಪ್ಪದಿದ್ದರೆ ಬಾಕಿ ಹಣ ಹಡಗು ಕಣ್ಣಾರೆ ನೋಡಿದ ಮೇಲೆ ಎನ್ನಿ. ನಮ್ಮ ಕ್ಯಾಬಿನ್ ಯಾವ ಅಂತಸ್ತಿನಲ್ಲಿದೆ, ಅಲ್ಲಿಂದ ಹೊರಬರಲು ಎರಡನೇ ದಾರಿ ಯಾವುದು, ರಾತ್ರಿ ಯಾರು ಎದ್ದಿರುತ್ತಾರೆ ಅಂತ ಬರಹದಲ್ಲೇ ಕೇಳಿ. ಹತ್ತಿದ ತಕ್ಷಣ ಪ್ರಯಾಣಿಕರ ಪಟ್ಟಿಯಲ್ಲಿ ನಿಮ್ಮ ಹೆಸರು ನೋಡಿ, ಹಡಗಿನ ಹೆಸರೂ ಕಾಣುವ ಹಾಗೆ ಒಂದು ಫೋಟೊ ಹೊಡೆದುಕೊಳ್ಳಿ. ಲೈಫ್ ಜಾಕೆಟನ್ನು ನಾಚಿಕೊಳ್ಳದೆ ಕೇಳಿ ತೆಗೆಸಿ ಹಾಕಿ ನೋಡಿ. ಜನರು ನಗಬಹುದು, ನಗಲಿ. ಸರಿ ಅನ್ನಿಸದಿದ್ದರೆ ಕಟ್ಟೆಯ ಮೇಲಿರುವಾಗಲೇ ಇಳಿದುಬಿಡಿ. ನಾವೂ ಇಳಿಯಬಹುದಿತ್ತು. ಇಷ್ಟು ದೂರ ಬಂದಿದ್ದೇವಲ್ಲ ಅಂತ ಸುಮ್ನೆ ಹತ್ತಿದೆವು.

ಎಲ್ಲರೂ ಕೇಳುವುದು ಒಂದೇ, ಕೋಮೊಡೊ ಡ್ರ್ಯಾಗನ್ ಅನ್ನುವ ಆ ದೊಡ್ಡ ಉಡ ನೋಡಿದ್ರಾ ಅಂತ. ನೋಡಿದೆವು. ಕೋಮೊಡೊ ದ್ವೀಪದಲ್ಲಿ ರೇಂಜರ್ ಕವೆಗೋಲು ಹಿಡಿದು ಮುಂದೆ ನಡೆದ, ನಾವು ಹಿಂದೆ. ಒಂದು ಮರದ ಕೆಳಗೆ, ನನಗಿಂತ ಉದ್ದದ್ದು, ಕಾಲು ಚಾಚಿ ಮಲಗಿತ್ತು. ಆ ನಾಲ್ಕು ದಿನದಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದ್ದು ಅದೊಂದೇ.