ಮ್ಯೂಸ್ 2 ಹಣೆಪಟ್ಟಿ: ಒಬ್ಬ ಗಣಿತದ ಟೀಚರ್ ಕಂಡಂತೆ

ಪುಣೆಯ ಕೋಥ್ರೂಡ್‌ನಲ್ಲಿ ಮನೆಯಲ್ಲೇ ಗಣಿತದ ಟ್ಯೂಷನ್ ಮಾಡುತ್ತೇನೆ. ಒಂದು ಲೆಕ್ಕ ಮಗುವಿಗೆ ಎಷ್ಟು ಕಷ್ಟವಾಗುತ್ತಿದೆ ಎಂದು ಬರೀ ಮುಖ ನೋಡಿ ಹೇಳಲಾಗುವುದಿಲ್ಲ. ಮಿದುಳಿನ ವಿದ್ಯುತ್ ಅಲೆಗಳಲ್ಲಿ ಅದು ಕಾಣುತ್ತದೆ ಎಂದು ಓದಿ ಮ್ಯೂಸ್ 2 ಕೊಂಡೆ. ಧ್ಯಾನಕ್ಕೆಂದು ಮಾಡಿದ, ಹಣೆಗೆ ಹಾಕಿಕೊಳ್ಳುವ ಪಟ್ಟಿ ಇದು. ಹಣೆಯ ಮೇಲೆ ಎರಡು, ಕಿವಿಗಳ ಹಿಂದೆ ಎರಡು ಸೆನ್ಸರ್. ಮೈಂಡ್ ಮಾನಿಟರ್ ಎಂಬ ಬೇರೆ ಆ್ಯಪ್ ಹಾಕಿಕೊಂಡರೆ ಅಲೆಗಳನ್ನೇ ನೇರವಾಗಿ ನೋಡಬಹುದು.

ಕಣ್ಣು ಮುಚ್ಚಿ ಸುಮ್ನೆ ಕೂತರೆ ಆಲ್ಫಾ ಅಲೆ ದೊಡ್ಡದಾಗಿ ಏಳುತ್ತದೆ. ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಅಲೆ. ಹಾಗೇ ಕಣ್ಣು ಮುಚ್ಚಿಕೊಂಡು 1000ದಿಂದ ಏಳೇಳು ಕಳೆಯುತ್ತಾ ಹೋಗಿ, ಅದು ಕುಗ್ಗುತ್ತದೆ! ಮಿದುಳು ಕೆಲಸಕ್ಕೆ ತೊಡಗಿದ ಗುರುತು ಅದು. ಮನುಷ್ಯನ ಮಿದುಳಿನ ಅಲೆಯನ್ನು 1924ರಲ್ಲಿ ಮೊದಲು ದಾಖಲಿಸಿ, 1929ರಲ್ಲಿ ಪ್ರಕಟಿಸಿದ ಜರ್ಮನಿಯ ಹಾನ್ಸ್ ಬರ್ಗರ್ ಇದನ್ನು ಆಗಲೇ ಗಮನಿಸಿದ್ದರು. ಅದೇ ನಮ್ಮ ಊಟದ ಮೇಜಿನ ಮೇಲೆ ಕಂಡಾಗ ಮೈ ಜುಮ್ಮೆಂದಿತು.

ನಾನು ಧಾರವಾಡದವಳು, ಮನಸ್ಸಿನಲ್ಲಿ ಎಣಿಸುವುದು ಕನ್ನಡದಲ್ಲೇ. ಅದೇ ಲೆಕ್ಕವನ್ನು ಮರಾಠಿಯಲ್ಲಿ ಮಾಡಿ ನೋಡಿದೆ. ಮರಾಠಿಯಲ್ಲಿ ಬಿಡಿ ಅಂಕಿ ಮೊದಲು, ಹತ್ತರದ್ದು ಆಮೇಲೆ: ನಲವತ್ತೇಳು ಅಂದರೆ ಸತ್ತೇಚಾಳೀಸ್. ಆಲ್ಫಾ ಇನ್ನೂ ಜಾಸ್ತಿ ಇಳಿಯಿತು. ಒಂದೇ ತಲೆಯ ಫಲಿತಾಂಶ, ನಿಜ. ಆದರೂ ನನಗೆ ಈ ಪಟ್ಟಿಯ ಬೆಲೆ ವಸೂಲಾಗಿದ್ದು ಅಲ್ಲೇ.

ಇನ್ನು ಮಿತಿಗಳು. ಕಷ್ಟ ಹೆಚ್ಚಿದಂತೆ ಏರುವುದು ಥೀಟಾ ಅಲೆ, ಸೆಕೆಂಡಿಗೆ 4ರಿಂದ 7 ಸಲ. ಅದು ಚೆನ್ನಾಗಿ ಸಿಗುವುದು ಹಣೆಗಿಂತ ಮೇಲೆ, ತಲೆಯ ನಡುಗೆರೆಯ ಮುಂಭಾಗದಲ್ಲಿ. ಈ ಪಟ್ಟಿ ಅಲ್ಲಿಗೆ ತಲುಪುವುದಿಲ್ಲ. ರೆಪ್ಪೆ ಬಡಿದರೆ, ಹಲ್ಲು ಕಚ್ಚಿದರೆ ಮಿದುಳಿನದ್ದಕ್ಕಿಂತ ದೊಡ್ಡ ಸಿಗ್ನಲ್ ಬಂದು ಎಲ್ಲ ಮುಚ್ಚಿಹೋಗುತ್ತದೆ. ಲೆಕ್ಕ ಬಿಗಿಯಾದಾಗ ಮಕ್ಕಳು ಮಾಡುವುದೇ ಅದು, ಅಲ್ವಾ?

ಇನ್ನೊಂದು ಮುಖ್ಯ ವಿಷಯ. ಲೆಕ್ಕ ತೀರಾ ಕಷ್ಟವಾಗಿ ಮಗು ಕೈಚೆಲ್ಲಿದರೆ ಆಲ್ಫಾ ಮತ್ತೆ ಏಳಬಹುದು. ಲೆಕ್ಕ ಸುಲಭವಾಯಿತೋ, ಮಗು ಸೋತು ಬಿಟ್ಟಿತೋ, ಆ್ಯಪ್ ತೋರಿಸುವ ಅಲೆಯ ಗೆರೆ ಹೇಳುವುದಿಲ್ಲ. ಆದ್ದರಿಂದ ಒಬ್ಬ ತಂದೆ, "ನಮ್ಮ ಹುಡುಗನಿಗೂ ಹಾಕಿ, ಗಮನ ಕೊಡ್ತಾನಾ ನೋಡೋಣ" ಎಂದಾಗ ಖಡಾಖಂಡಿತವಾಗಿ ಬೇಡ ಎಂದೆ. ಇಂಥ ಗೆರೆ ತೋರಿಸಿ ಮಗುವನ್ನು ಬೈಯುವುದು ಅನ್ಯಾಯ.

ನಿಮ್ಮ ಮಿದುಳನ್ನೇ ನೋಡುವ ಕುತೂಹಲವಿದ್ದರೆ ಕೊಳ್ಳಿ. ಹಾಕಿಕೊಳ್ಳುವ ಮೊದಲು ಹಣೆಯ ಎಣ್ಣೆ ಒರೆಸಿ, ಕಿವಿ ಹಿಂದೆ ಸ್ವಲ್ಪ ನೀರು ಸವರಿ. ಚರ್ಮ ಒಣಗಿದ್ದರೆ ಸಿಗ್ನಲ್ ಸರಿಯಾಗಿ ಹಿಡಿಯುವುದಿಲ್ಲ.