ರೈಲ್ಸ್ ಟ್ಯೂಬ್ ಇರುವವರಿಗೆ ಹೋಮ್ ನರ್ಸ್ ಗೊತ್ತುಮಾಡುವ ಮುನ್ನ

ಕಳೆದ ವರ್ಷ ನಮ್ಮ ತಂದೆಯವರಿಗೆ ಲಕ್ವ ಹೊಡೆದು ಬಲಭಾಗ ಸ್ವಾಧೀನ ತಪ್ಪಿತು. ಮಾತು ನಿಂತಿತು, ನುಂಗುವುದೂ ಆಗದಾಯಿತು. ಮೂಗಿನ ಮೂಲಕ ಹೊಟ್ಟೆಗೆ ಆಹಾರ ಕೊಡುವ ಕೊಳವೆ, ಅಂದರೆ ರೈಲ್ಸ್ ಟ್ಯೂಬ್, ಇರುವಂತೆಯೇ ಅವರನ್ನು ಮನೆಗೆ ಕಳುಹಿಸಿದಾಗ, ನಾವಿಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ, ಊರಿನ ಏಜೆನ್ಸಿಯೊಂದರ ಮೂಲಕ ಹೋಮ್ ನರ್ಸ್ ಒಬ್ಬರನ್ನು ಗೊತ್ತುಮಾಡಿಕೊಂಡೆವು. ತಿಂಗಳಿಗೆ 24,000 ರೂಪಾಯಿ, ಅದೂ ಮುಂಗಡ. “ಸ್ಟ್ರೋಕ್ ಪೇಷಂಟ್‌ಗಳನ್ನೇ ನೋಡಿಕೊಂಡಿರೋ ಹುಡುಗ ಸರ್, ತಲೆ ಕೆಡಿಸ್ಕೋಬೇಡಿ” ಎಂದರು. ನಾನು ಆತನ ನರ್ಸ್ ನೋಂದಣಿ ಸಂಖ್ಯೆಯನ್ನೂ ಕೇಳಲಿಲ್ಲ.

ಹುಡುಗ ಸಂಭಾವಿತ, ಕೆಲಸದಲ್ಲಿ ಚೊಕ್ಕಟ. ಹನ್ನೊಂದನೆಯ ದಿನ ನಾನು ಮಧ್ಯಾಹ್ನವೇ ಮನೆಗೆ ಬಂದಾಗ ತಂದೆಯವರು ಅಂಗಾತ ಮಲಗಿದ್ದರು. ಆತ ಸಿರಿಂಜಿನ ದಂಡವನ್ನು ಒತ್ತಿ ರಾಗಿ ಗಂಜಿಯನ್ನು ಟ್ಯೂಬಿನೊಳಕ್ಕೆ ತಳ್ಳುತ್ತಿದ್ದ. ಅವರ ಕಣ್ಣಂಚಿನಲ್ಲಿ ನೀರಿತ್ತು, ಗಂಟಲು ಗೊರಗೊರ ಎನ್ನುತ್ತಿತ್ತು. ತಲೆಯ ಕಡೆಯನ್ನು ಕನಿಷ್ಠ 30 ಡಿಗ್ರಿಯಷ್ಟಾದರೂ ಎತ್ತಿರಬೇಕು, ಮೂಗಿನ ಬಳಿ ಟ್ಯೂಬಿನ ಗುರುತು ಸರಿದಿಲ್ಲವೆಂದು ಪ್ರತಿಸಲ ನೋಡಬೇಕು, ದಂಡ ಒತ್ತದೆ ಗಂಜಿ ತಾನಾಗಿಯೇ ಇಳಿಯಲು ಬಿಡಬೇಕು, ಆಮೇಲೂ ಅರ್ಧ ಗಂಟೆಯಾದರೂ ಮಲಗಿಸಬಾರದು ಎಂದು ವಾರ್ಡಿನ ಸಿಸ್ಟರ್ ಹೇಳಿದ್ದನ್ನೆಲ್ಲ ನಾವು ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದ್ದೆವು. ಆತನಿಗೆ ಕನ್ನಡ ಓದಲು ಬಾರದೆಂಬುದು ನಮಗೆ ಹೊಳೆದದ್ದು ಆ ಮಧ್ಯಾಹ್ನವೇ.

ಮರುದಿನ ರಾತ್ರಿ ಜ್ವರ, ಏದುಸಿರು. ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿದೆ ಎಂದರು. ಮತ್ತೆ ಒಂಬತ್ತು ದಿನ ಆಸ್ಪತ್ರೆ. ಪಾರ್ಶ್ವವಾಯು ಆದವರಲ್ಲಿ ಎಷ್ಟೋ ಸಲ ಕೆಮ್ಮೇ ಬಾರದೆ ಹೀಗಾಗುವುದುಂಟಂತೆ. ಕೆಮ್ಮಲಿಲ್ಲವಾದ್ದರಿಂದ ಎಲ್ಲ ಸರಿಯಿದೆ ಎಂದುಕೊಳ್ಳುವಂತಿಲ್ಲ. ಅಲ್ಲಿನ ಸಿಸ್ಟರ್ ಮಗ್ಗುಲು ಹೊರಳಿಸಿದಾಗ ಬಾಲಮೂಳೆಯ ಮೇಲೆ ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಚರ್ಮ ಕಿತ್ತಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗಲೂ ಕೆಂಪು ಮಾಸದಿದ್ದರೆ ಹುಣ್ಣು ಶುರುವಾಗಿದೆ ಎಂದೇ ತಿಳಿಯಬೇಕು. ಆದರೆ ಇಪ್ಪತ್ನಾಲ್ಕು ಗಂಟೆಯ ಕೆಲಸಕ್ಕೆ ಒಬ್ಬನನ್ನೇ ಕಳುಹಿಸಿದರೆ ರಾತ್ರಿಯಿಡೀ ಎದ್ದು ಮಗ್ಗುಲು ಬದಲಿಸುವವರು ಯಾರು? ಹುಡುಗನ ಮೇಲೆ ನನಗೆ ಸಿಟ್ಟಿಲ್ಲ; ಅವನನ್ನು ನರ್ಸ್ ಎಂದು ಕರೆದು ಕಳುಹಿಸಿದವರ ಮೇಲಿದೆ.

ಏಜೆನ್ಸಿಯವರನ್ನು ಕೇಳಿದಾಗ ರಸೀದಿ ನೋಡಿಕೊಳ್ಳಿ ಎಂದರು. ಅದರಲ್ಲಿದ್ದ ಪದ ‘ಅಟೆಂಡೆಂಟ್’. ಎಎನ್‌ಎಂ ಎಂಬ ಸಹಾಯಕ ನರ್ಸ್ ಕೋರ್ಸ್, ಜಿಎನ್‌ಎಂ ಎಂಬ ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದಿ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರು ಬೇರೆ, ಅಟೆಂಡೆಂಟ್ ಬೇರೆ. ಸ್ನಾನ ಮಾಡಿಸಲು, ಬಟ್ಟೆ ಬದಲಿಸಲು ಅಟೆಂಡೆಂಟ್ ಸಾಕು. ಟ್ಯೂಬ್ ಇರುವ ರೋಗಿಗೆ ಸಾಲದು. ಹಣ ಕೊಡುವ ಮೊದಲೇ ನೋಂದಣಿ ಪತ್ರವನ್ನು ಕಣ್ಣಾರೆ ನೋಡಿ, ಮೊದಲ ದಿನ ರಜೆ ಹಾಕಿಯಾದರೂ ಎದುರಿಗೇ ಕುಳಿತು ಒಮ್ಮೆ ಗಂಜಿ ಕೊಡಿಸಿ ನೋಡಿ. ಎತ್ತಿ ಕೂರಿಸುವಾಗ ಸ್ವಾಧೀನವಿಲ್ಲದ ಕೈಯನ್ನು ಹಿಡಿದು ಎಳೆಯುವವರಾದರೆ ಅಂದೇ ಬೇಡವೆನ್ನಿ; ಹಾಗೆ ಎಳೆದರೆ ಭುಜದ ಕೀಲು ಜಾರಬಹುದು.

ಈಗ ಹಗಲಿಗೆ ಜಿಎನ್‌ಎಂ ಓದಿದ ಸಿಸ್ಟರ್ ಬರುತ್ತಾರೆ. ರಾತ್ರಿ ನಾನೂ ತಮ್ಮನೂ ಅಲಾರಂ ಇಟ್ಟುಕೊಂಡು ಸರದಿಯಲ್ಲಿ ಏಳುತ್ತೇವೆ. ಮುಂಗಡದಲ್ಲಿ ಉಳಿದ ಹಣ ಇನ್ನೂ ಬಂದಿಲ್ಲ.