ಮುನ್ನೂರೈವತ್ತು ರೂಪಾಯಿಯ ಸಿಗ್ನಲ್ ಮೀಟರ್: ಮಲೆನಾಡಿನ ಅಂಗಳದಲ್ಲೊಂದು ಪರೀಕ್ಷೆ

ಕಳೆದ ಮಳೆಗಾಲದ ಮೊದಲ ಗಾಳಿಗೆ ಅಡಿಕೆಯ ಸೋಗೆಯೊಂದು ಹಾಳೆಯ ಸಮೇತ ನಮ್ಮ ಡಿಶ್ಶಿನ ಮೇಲೆ ಬಿದ್ದು, ಅದನ್ನು ಹೊತ್ತ ಕಬ್ಬಿಣದ ಕೊಳವೆ ಸ್ವಲ್ಪ ವಾಲಿತು. ದೂರದಿಂದ ನೋಡಿದರೆ ಗೊತ್ತೇ ಆಗದಷ್ಟು ಸಣ್ಣ ವಾಲುವಿಕೆ ಅದು. ಆದರೂ ಡಿಡಿ ಚಂದನವೂ ಸೇರಿದಂತೆ ದೂರದರ್ಶನದ ಉಚಿತ ಸೇವೆಯಾದ ಫ್ರೀ ಡಿಶ್‌ನ ಎಲ್ಲ ಚಾನೆಲ್‌ಗಳು ಒಂದೇ ಏಟಿಗೆ ನಿಂತುಹೋದವು. ಪೇಟೆಯ ರಿಪೇರಿಯವರೊಬ್ಬರು ಫೋನಿನಲ್ಲಿ ಮೂರು ವಾರ "ನಾಳೆ ಖಂಡಿತ ಬರ್ತೀನಿ" ಎಂದು ಹೇಳುತ್ತಲೇ ಇದ್ದುದರಿಂದ, ನಾನೇ ಆನ್‌ಲೈನಿನಲ್ಲಿ 350 ರೂಪಾಯಿ ಕೊಟ್ಟು ಮುಳ್ಳಿನ ಸ್ಯಾಟಲೈಟ್ ಫೈಂಡರ್, ಅಂದರೆ ಡಿಶ್ಶಿಗೆ ಸಿಗ್ನಲ್ ಎಷ್ಟು ಬರುತ್ತಿದೆಯೆಂದು ತೋರಿಸುವ ಮೀಟರ್ ಒಂದನ್ನು ತರಿಸಿಕೊಂಡೆ. ಅದನ್ನು ಬಳಸಿದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದು ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ. ಎದುರಿಗೆ ಸೊನ್ನೆಯಿಂದ ಹತ್ತರವರೆಗೆ ಗುರುತುಗಳೂ ಒಂದು ಮುಳ್ಳೂ ಇವೆ. ಕೆಳಗೆ ಪುಟ್ಟ ದಿಕ್ಸೂಚಿ, ಪಕ್ಕದಲ್ಲಿ ತಿರುಗಿಸುವ ಗುಂಡಿ, ಒಳಗೆ ಸಿಗ್ನಲ್ ಹೆಚ್ಚಿದಂತೆ ಕೀರಲು ದನಿ ಏರಿಸುವ ಬಝರ್ ಇದೆ. ಡಿಶ್ಶಿನ ಎದುರಿನ ತೋಳಿನ ತುದಿಯಲ್ಲಿದ್ದು ಸಿಗ್ನಲ್ ಹಿಡಿದು ಕೇಬಲ್ಲಿಗೆ ಕೊಡುವ ಎಲ್‌ಎನ್‌ಬಿಗೆ ಒಂದು ತೂತು, ಬಾಕ್ಸಿನಿಂದ ಬರುವ ಕೇಬಲ್‌ಗೆ ಇನ್ನೊಂದು. ಬೇರೆ ಬ್ಯಾಟರಿ ಬೇಕಿಲ್ಲ. ಸೆಟ್‌ಟಾಪ್ ಬಾಕ್ಸು ಎಲ್‌ಎನ್‌ಬಿಗಾಗಿ ಕೇಬಲ್ಲಿನಲ್ಲಿ ಕಳಿಸುವ 13 ಅಥವಾ 18 ವೋಲ್ಟಿನಲ್ಲೇ ಇದೂ ಕೆಲಸ ಮಾಡುತ್ತದೆ. ಹಾಗಾಗಿ ಒಳಗೆ ಬಾಕ್ಸು ಚಾಲೂ ಇರಬೇಕು. ಮೀಟರನ್ನು ಎಲ್‌ಎನ್‌ಬಿಗೆ ಜೋಡಿಸಲು ಬೇಕಾದ ಗೇಣುದ್ದದ ಕೇಬಲ್ಲನ್ನು ಮಾತ್ರ ಪೊಟ್ಟಣದಲ್ಲಿ ಇಟ್ಟಿರಲಿಲ್ಲ. ಅದಿಲ್ಲದೆ ಮೀಟರ್ ನಿರುಪಯೋಗಿಯಾದ್ದರಿಂದ ಇದನ್ನು ಸಣ್ಣ ಲೋಪವೆಂದು ಬಿಡಲಾರೆ.

ಮೀಟರ್ ಹಿಡಿಯುವ ಮೊದಲು ಎತ್ತ ತಿರುಗಬೇಕೆಂಬ ಲೆಕ್ಕ ಗೊತ್ತಿರಬೇಕು. ಫ್ರೀ ಡಿಶ್ ಬರುವುದು 2015ರ ನವೆಂಬರಿನಲ್ಲಿ ಹಾರಿಸಿದ ಜಿಸ್ಯಾಟ್-15 ಉಪಗ್ರಹದಿಂದ. ಅದು ನಿಂತಿರುವುದು 93.5 ಡಿಗ್ರಿ ಪೂರ್ವ ರೇಖಾಂಶದ ನೇರಕ್ಕೆ. ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯಿಂದ ನೋಡಿದರೆ ಅದು ಉತ್ತರದಿಂದ ಪ್ರದಕ್ಷಿಣೆಯಾಗಿ ಸುಮಾರು 126 ಡಿಗ್ರಿಯಲ್ಲಿ, ಅಂದರೆ ವಾಸ್ತುವಿನವರು ಅಡುಗೆಮನೆಗೆ ಹೇಳುವ ಆಗ್ನೇಯ ಮೂಲೆಗಿಂತ ತುಸು ಪೂರ್ವಕ್ಕೆ, ನೆಲದಿಂದ ಸುಮಾರು 63 ಡಿಗ್ರಿ ಎತ್ತರದಲ್ಲಿರುತ್ತದೆ. ಹಾಗೆಂದು ಡಿಶ್ಶಿನ ಮುಖವನ್ನು ಅಷ್ಟು ಎತ್ತಿದರೆ ಏನೂ ಸಿಗದು. ಮನೆಗಳಲ್ಲಿರುವ ಆಫ್‌ಸೆಟ್ ಡಿಶ್ಶು ತನ್ನ ಮುಖ ನೋಡುವ ಕಡೆಗಿಂತ ಸುಮಾರು 25 ಡಿಗ್ರಿ ಮೇಲಿನಿಂದ ಸಿಗ್ನಲ್ ಹಿಡಿಯುವುದರಿಂದ, ಮುಖ ಕಾಣಲು 38 ಡಿಗ್ರಿಯಷ್ಟೇ ಎದ್ದಿರುತ್ತದೆ. ನಾನು ಮೊದಲ ದಿನ ಪೂರ್ತಿ ಕಳೆದುಕೊಂಡದ್ದು ಈ ಒಂದು ವಿಷಯ ತಿಳಿಯದೆ. ತೋಟದ ಮರ ಅಡ್ಡ ಬರುತ್ತದೆಂಬ ಭಯವೂ ಹೆಚ್ಚಿನ ಮಟ್ಟಿಗೆ ಸುಳ್ಳು. ಉಪಗ್ರಹ ಇಷ್ಟು ಎತ್ತರದಲ್ಲಿರುವಾಗ, ಡಿಶ್ಶಿಗಿಂತ ನಲವತ್ತು ಅಡಿ ಎತ್ತರದ ಅಡಿಕೆ ಮರ ಆ ದಿಕ್ಕಿನಲ್ಲಿ ಇಪ್ಪತ್ತು ಅಡಿಯೊಳಗೆ ಇದ್ದರೆ ಮಾತ್ರ ಅಡ್ಡಿ.

ಮೀಟರಿನ ದಿಕ್ಸೂಚಿಯನ್ನು ಕಬ್ಬಿಣದ ಕೊಳವೆಯ ಹತ್ತಿರ ಹಿಡಿದರೆ ಅದು ಕೊಳವೆಯನ್ನೇ ಉತ್ತರವೆಂದುಕೊಳ್ಳುತ್ತದೆ. ನಾಲ್ಕು ಹೆಜ್ಜೆ ಆಚೆ ನಿಂತು ದಿಕ್ಕು ನೋಡಿ, ದೂರದ ಒಂದು ಮರವನ್ನು ಗುರುತಿಟ್ಟುಕೊಂಡೆ. ವಾಲಿದ್ದ ಕೊಳವೆಯನ್ನು ತೂಗುಗುಂಡು ಬಿಟ್ಟು ನೆಟ್ಟಗೆ ಮಾಡಿದ್ದು ಅದಕ್ಕಿಂತ ಮುಖ್ಯ ಕೆಲಸ, ಏಕೆಂದರೆ ಕೊಳವೆ ವಾಲಿದ್ದರೆ ಡಿಶ್ಶನ್ನು ಪಕ್ಕಕ್ಕೆ ತಿರುಗಿಸಿದಾಗಲೆಲ್ಲ ಎತ್ತರದ ಕೋನವೂ ತಾನಾಗಿ ಬದಲಾಗುತ್ತಾ ಹೋಗುತ್ತದೆ.

ಬಳಸುವ ಕ್ರಮ ಸುಲಭವಾಗಿದೆ. ಮುಳ್ಳು ನಾಲ್ಕರ ಹತ್ತಿರ ಬರುವಷ್ಟು ಗುಂಡಿ ತಿರುಗಿಸಿ, ಡಿಶ್ಶನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋಗಬೇಕು. ಮುಳ್ಳು ಹತ್ತಕ್ಕೆ ಹಾರಿದರೆ ಗುಂಡಿಯನ್ನು ಇಳಿಸಿ ಮತ್ತೆ ಹುಡುಕಬೇಕು. ಹದಿನೈದು ನಿಮಿಷದಲ್ಲಿ ಮೀಟರ್ ಜೋರಾಗಿ ಕೂಗಿತು. ಗೆದ್ದೆನೆಂದು ಒಳಗೆ ಹೋಗಿ ನೋಡಿದರೆ ಪರದೆಯಲ್ಲಿ ಸ್ಟ್ರೆಂತ್ 80, ಕ್ವಾಲಿಟಿ ಸೊನ್ನೆ.

ಈ ಉಪಕರಣದ ನಿಜವಾದ ಮಿತಿ ಇಲ್ಲಿದೆ. ಅದು ಅಳೆಯುವುದು ಎಲ್‌ಎನ್‌ಬಿಯಿಂದ ಇಳಿದು ಬರುವ ಒಟ್ಟು ಶಕ್ತಿಯನ್ನೇ ಹೊರತು, ಆ ಶಕ್ತಿ ಯಾರದೆಂಬುದನ್ನಲ್ಲ. ನಮಗೆ ಬೇಕಾದ 93.5ರ ಎಡಬಲದಲ್ಲೇ, 91.5 ಮತ್ತು 95 ಡಿಗ್ರಿಗಳಲ್ಲಿ, ಬೇರೆ ಟಿವಿ ಉಪಗ್ರಹಗಳಿವೆ. ಮೀಟರ್ ಅವುಗಳನ್ನು ಕಂಡರೂ ಅಷ್ಟೇ ಸಂಭ್ರಮದಿಂದ ಕೂಗುತ್ತದೆ. ಬಾಕ್ಸಿನ ಮೆನುವಿನಲ್ಲಿ ಕಾಣುವ ಸ್ಟ್ರೆಂತ್ ಕೂಡ ಹೆಚ್ಚುಕಡಿಮೆ ಇದೇ ಜಾತಿಯದು. ಕ್ವಾಲಿಟಿ ಎಂಬ ಎರಡನೆಯ ಪಟ್ಟಿ ಏಳಬೇಕಾದರೆ ಮಾತ್ರ ಬಾಕ್ಸು ತಾನು ಹುಡುಕುತ್ತಿರುವ ಸಿಗ್ನಲ್ಲನ್ನೇ ಓದಿರಬೇಕು. ಆದ್ದರಿಂದ ಬಾಕ್ಸಿನ ಮೆನುವಿನಲ್ಲಿ ಎಲ್‌ಎನ್‌ಬಿಯ ಬಗೆಯನ್ನು ಯೂನಿವರ್ಸಲ್, 9750/10600 ಎಂದು ಇರಿಸಿ, ನನ್ನ ಬಾಕ್ಸಿನ ಪಟ್ಟಿಯಲ್ಲಿದ್ದ 11090 (ಕಂಪನಾಂಕ), ವರ್ಟಿಕಲ್ (ತರಂಗ ಕಂಪಿಸುವ ದಿಕ್ಕು), 29500 (ಸಿಂಬಲ್ ರೇಟ್, ಅಂದರೆ ಮಾಹಿತಿ ಬರುವ ವೇಗ) ಎಂಬ ಸಾಲನ್ನು ಆರಿಸಿ, ಮಗಳನ್ನು ಟಿವಿಯ ಮುಂದೆ ಕೂರಿಸಿದೆ. ಕೂಗಾಟ ತಪ್ಪಲೆಂದು ತಂದ ಮೀಟರಿದ್ದರೂ "ಎಷ್ಟಾಯ್ತು ನೋಡೇ?", "ಇನ್ನೂ ಸೊನ್ನೆ ಅಪ್ಪಾ!" ಎಂಬ ಕೂಗಾಟ ತಪ್ಪಲಿಲ್ಲ. ಡಿಶ್ಶನ್ನು ಒಂದೆರಡು ಡಿಗ್ರಿ ಸರಿಸಿದಾಗ ಕ್ವಾಲಿಟಿ 38ಕ್ಕೆ ಏರಿತು. ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ನಿಧಾನವಾಗಿ ತಿರುಗಿಸಿದಾಗ 70 ದಾಟಿತು. ನಮ್ಮ ಅಕ್ಷಾಂಶದಲ್ಲಿ ಈ ತಿರುವು ಸಾಕಷ್ಟು ದೊಡ್ಡದೇ ಬೇಕಾಗುತ್ತದೆ. ನೆಟ್ಟಗೆ ಕೂರಿಸಿದ ಎಲ್‌ಎನ್‌ಬಿ ಒಳ್ಳೆಯ ಡಿಶ್ಶನ್ನೂ ಕೆಡಿಸುತ್ತದೆ. ಎಲ್‌ಎನ್‌ಬಿಯ ಈ ಹೊಂದಾಣಿಕೆಯನ್ನು ಮೀಟರ್ ಬಹುಮಟ್ಟಿಗೆ ಗುರುತಿಸುವುದೇ ಇಲ್ಲ.

ಇನ್ನೊಂದು ಎಚ್ಚರಿಕೆಯಿದೆ. ಕೆಲಸ ಮುಗಿದ ಮೇಲೆ ಮೀಟರನ್ನು ಸಾಲಿನಲ್ಲೇ ಬಿಡಬಾರದು. ಅದು ಸಿಗ್ನಲ್ಲನ್ನೂ ವೋಲ್ಟೇಜನ್ನೂ ಸ್ವಲ್ಪ ತಿನ್ನುತ್ತದೆ. ಬಿಚ್ಚುವಾಗಲೂ ಜೋಡಿಸುವಾಗಲೂ ಬಾಕ್ಸಿನ ಸ್ವಿಚ್ಚನ್ನು ಗೋಡೆಯಲ್ಲೇ ಆರಿಸಬೇಕು. ಕೇಬಲ್ಲಿನ ನಡುತಂತಿ ಅದರ ಹೊರ ಹೆಣಿಗೆಗೆ ತಾಗಿದರೆ ಬಾಕ್ಸಿಗೇ ಅಪಾಯ.

ಮೀಟರ್ ನನಗೆ ಮಾಡಿದ ದೊಡ್ಡ ಉಪಕಾರ ಡಿಶ್ ತಿರುಗಿಸುವುದರಲ್ಲಿ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಮತ್ತೆ ಚಿತ್ರ ಚೌಕಚೌಕವಾಗಿ ಒಡೆಯತೊಡಗಿದಾಗ, ಮೀಟರನ್ನು ಎಲ್‌ಎನ್‌ಬಿಯ ಬಳಿ ಜೋಡಿಸಿ ಕೇಬಲ್ ಅಲ್ಲಾಡಿಸಿದರೆ ಅದರ ದೀಪವೇ ಆರಿ ಹತ್ತುತ್ತಿತ್ತು. ಅಂದರೆ ಮೇಲಕ್ಕೆ ವಿದ್ಯುತ್ತೇ ಸರಿಯಾಗಿ ತಲುಪುತ್ತಿರಲಿಲ್ಲ. ಡಿಶ್ಶಿನ ದಿಕ್ಕು ನೆಟ್ಟಗಿತ್ತು. ಕನೆಕ್ಟರ್ ಬಿಚ್ಚಿದರೆ ಒಳಗೆ ನೀರು, ಹಸಿರುಗಟ್ಟಿದ ತಂತಿ, ಮೇಲಾಗಿ ಕಪ್ಪಿರುವೆಯ ಸಂಸಾರ. ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ರಬ್ಬರ್ ಟೇಪು ಸುತ್ತಿ, ನೀರು ಜಾರಿ ಹೋಗುವಂತೆ ಕೇಬಲ್ಲನ್ನು ಕೆಳಕ್ಕೆ ಬಳಸಿ ಕಟ್ಟಿದ ಮೇಲೆ ಈವರೆಗೆ ತೊಂದರೆಯಿಲ್ಲ. ಆ ದಿನ ಮೀಟರ್ ಇಲ್ಲದಿದ್ದರೆ ನಾನು ಸರಿಯಾಗಿದ್ದ ಡಿಶ್ಶನ್ನೇ ತಿರುಗಿಸಿ ಕೆಡಿಸುತ್ತಿದ್ದೆ.

ಜೋರು ಮಳೆಯಲ್ಲಿ ಹತ್ತು ನಿಮಿಷ ಚಿತ್ರ ಹೋಗುವುದಕ್ಕೆ ಯಾವ ಮೀಟರೂ ಮದ್ದಲ್ಲ. ಈ ತರಂಗಗಳನ್ನು ಮಳೆಹನಿ ಹೀರಿಕೊಳ್ಳುತ್ತದೆ. ಹಾಗೆಯೇ ಮಾರ್ಚ್ ಮಧ್ಯದ ಮತ್ತು ಸೆಪ್ಟೆಂಬರ್ ಕೊನೆಯ ಕೆಲವು ದಿನಗಳಲ್ಲಿ, ಬೆಳಿಗ್ಗೆ ಹನ್ನೊಂದರ ಆಸುಪಾಸು ಸೂರ್ಯ ಉಪಗ್ರಹದ ಹಿಂದೆ ಬಂದು ಕೆಲವು ನಿಮಿಷ ಚಿತ್ರ ಕೆಡುವುದುಂಟು. ಆಗ ಪಾನಾ ಹಿಡಿದು ಹೊರಗೆ ಓಡಬೇಡಿ.

ಪೇಟೆಯಲ್ಲಿ ಇರುವವರಿಗೆ, ಕರೆದ ದಿನವೇ ರಿಪೇರಿಯವರು ಬರುವ ಕಡೆ, ಈ ಮೀಟರ್ ಅನಗತ್ಯ ಖರ್ಚು. ಒಂಟಿ ಮನೆಯವರು, ಅದರಲ್ಲೂ ಮಂಗಗಳು ಡಿಶ್ಶಿನ ಮೇಲೆ ಕೂತು ಉಯ್ಯಾಲೆಯಾಡುವ ಊರಿನವರು, ಕೊಳ್ಳಬಹುದು. ಜೊತೆಗೆ ಗೇಣುದ್ದದ ಕೇಬಲ್ಲನ್ನೂ ನಾಲ್ಕು ಕನೆಕ್ಟರುಗಳನ್ನೂ ತರಿಸಿಕೊಳ್ಳಲಿ. ನಾನು ಐದಕ್ಕೆ ಮೂರು ಅಂಕ ಕೊಡುತ್ತೇನೆ. ಕೊನೆಗೆ ನಟ್ಟು ಬಿಗಿ ಮಾಡಿದ ಮೇಲೆ ಕೊಳವೆಗೂ ಹಿಡಿಕೆಗೂ ಸೇರಿಸಿ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೇನೆ. ಮುಂದಿನ ಸೋಗೆ ಬಿದ್ದಾಗ ಮೊದಲು ನೋಡುವುದು ಮೀಟರನ್ನಲ್ಲ, ಆ ಗೆರೆಯನ್ನು.